ಹೊಸ್ತಿಲ ಮಟ್ಟದ ಜಗಲಿ

ಈ ಹೆಂಗಸು ಇಲ್ಲಿ ಬೇರು ಬಿಡುತ್ತಿದ್ದಾಳೆ! ಹಿತ್ತಲಿಗೆ ಮರದ ಹೊರೆ ಬಂದಿಳಿದ ದಿನವೇ ಮನೆ ಮಾಲೀಕರಿಗೆ ಗುಮಾನಿ ಬಂತು. ಬಾಡಿಗೆಗಿದ್ದವಳು ಟೇಪು ಹಿಡಿದು ಓಣಿಯ ಗೇಟಿನ ಅಗಲ ಅಳೆಯುತ್ತಿದ್ದಳು. ಇವತ್ತು ಹಿತ್ತಲು, ನಾಳೆ ಗೇಟು ಒಡೆದು ಅಗಲ ಮಾಡಿಸುತ್ತಾಳೆ, ನಾಡಿದ್ದು ಮನೆಯೇ ನನ್ನದು ಅನ್ನುತ್ತಾಳೆ.

ಅವಳು ಟೈಲರಮ್ಮ. ತಗಡಿನ ಸೂರಿನ ಕೆಳಗೆ ಹೊಲಿಗೆ ಕಲಿಯಲು ಬರುವ ಹೆಂಗಸರಿಗೆ ಬೆವರು ಒರೆಸಿಕೊಳ್ಳುವುದರಲ್ಲೇ ಅರ್ಧ ಪಾಠ ಮುಗಿದುಹೋಗುತ್ತಿತ್ತು. ಒಬ್ಬಳು ತಲೆ ಸುತ್ತಿ ಮೆಷಿನ್ನಿನ ಮೇಲೇ ಬಿದ್ದಳು. ಅವತ್ತೇ ಟೈಲರಮ್ಮ ಹಟ ಹಿಡಿದಳು: ಹಿತ್ತಲಲ್ಲಿ ಮರದ ಜಗಲಿ ಹಾಕಿ, ಮೇಲೆ ನೆರಳಿನ ಬಲೆ ಕಟ್ಟಿ, ಗಾಳಿಯಲ್ಲಿ ಕೂತು ಹೊಲಿಯುವುದು. ಕೂಡಿಟ್ಟಿದ್ದನ್ನೆಲ್ಲ ಆ ಮರಕ್ಕೇ ಸುರಿದಳು.

“ಸಿಮೆಂಟ್ ಹಾಕಿಸಮ್ಮ, ಗಟ್ಟಿ ಇರುತ್ತೆ,” ಎಂದರು ಮಾಲೀಕರು.

“ಹಿಂದಿನ ಬಾಡಿಗೆ ಮನೇಲಿ ಹಾಕಿಸಿದ್ದೆ ಯಜಮಾನ್ರೇ. ಒಣಗೋಷ್ಟರಲ್ಲಿ ಮನೆ ಖಾಲಿ ಮಾಡು ಅಂದ್ರು. ಈಗ ಅದರ ಮೇಲೆ ಆ ಮಾಲೀಕರ ಮಗ ಅಂಗಡಿ ಇಟ್ಟಿದಾನೆ.”

ಛೇ ಛೇ, ಎಂಥ ಜನ ಇರುತ್ತಾರೆ ಎಂದು ಮಾಲೀಕರು ಲೊಚಗುಟ್ಟಿದರು. ಲೊಚಗುಟ್ಟುತ್ತಿದ್ದಂತೆಯೇ ಅವರಿಗೂ ಒಂದು ಯೋಚನೆ ಹೊಳೆಯಿತು. ನೆಲದ ಮೇಲೆ ಕಟ್ಟಿದ್ದು ನೆಲದವನದು. ಹೋಟೆಲು ಇಡುತ್ತೇನೆಂದು ಪ್ರಾಣ ತಿನ್ನುತ್ತಿರುವ ಬಾಮೈದನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಕಟ್ಟಲಿ. ಚೆನ್ನಾಗಿಯೇ ಕಟ್ಟಲಿ.

ಆಗಿನಿಂದ ಅವರು ಕರ್ಣನ ವಂಶದವರಾದರು. “ಕಂಬದ ಕೆಳಗೆ ಇಡೋಕೆ ಕಲ್ಲು ನಮ್ಮ ಹಿತ್ತಲದ್ದೇ ತಗೋ. ಜಗಲಿ ಹೊಸ್ತಿಲ ಮಟ್ಟಕ್ಕೆ ಬಂದ್ಮೇಲೆ ಹಿಂಬಾಗಿಲಿಗೆ ಮೆಟ್ಟಿಲು ಯಾಕೆ? ಆ ಮೆಟ್ಟಿಲುಗಲ್ಲೂ ಎತ್ಕೋ. ಕೇಳೋದೇನು!”

ಕೆಲಸಕ್ಕೆ ನಿಂತವನು ಅವಳ ಸ್ವಂತ ತಮ್ಮ, ಬಡಗಿ. ಕಾರ್ಖಾನೆಯಲ್ಲಿ ಒತ್ತಡ ಹಾಕಿ ಔಷಧಿ ಕುಡಿಸಿದ ಮರ; ಹಸಿರು ಬಣ್ಣ, ಇನ್ನೂ ಹಸಿ, ಹೆಣಭಾರ. ಬಿಸಿಲಿಗೆ ಕಾದ ಸ್ಕ್ರೂ ಮುಟ್ಟಿದರೆ ಬೆರಳು ಚುರ್ ಎನ್ನುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಅಕ್ಕನ ಬಾಯಿಯನ್ನಲ್ಲ. ಕಂಬ ಹೂಳಬೇಡ, ಗೆದ್ದಲು ಹತ್ತುತ್ತೆ, ಕಲ್ಲಿನ ಮೇಲೆ ಕೂರಿಸು. ಗೋಡೆಗೆ ತಾಗಿಸಬೇಡ, ನೀರು ನಿಲ್ಲುತ್ತೆ, ಎರಡು ಬೆರಳು ಬಿಡು. ಚೌಕಟ್ಟು ಒಂದೇ ಮಾಡಬೇಡ, ಈ ಬಿಸಿಲಿಗೆ ತಿರುಚಿಕೊಳ್ಳುತ್ತೆ, ತುಂಡು ತುಂಡು ಮಾಡಿ ಬೋಲ್ಟ್ ಹಾಕು.

“ಅಲ್ಲಕ್ಕಾ, ಔಷಧಿ ಕುಡಿದ ಮರಕ್ಕೆ ಗೆದ್ದಲು ಎಲ್ಲಿಂದ ಹತ್ತುತ್ತೆ? ಬಡಗಿ ನೀನೋ ನಾನೋ? ಅಂಗಿ ಹೊಲಿಯೋಳು ನನಗೆ ಮರ ಕಲಿಸ್ತೀಯಾ?”

“ಹೊಲಿಯೋಳಿಗೇ ಗೊತ್ತು ಕಣೋ. ಹೊಸ ಬಟ್ಟೆ ನೀರಿಗೆ ಬಿದ್ರೆ ಕುಗ್ಗುತ್ತೆ, ಹಸಿ ಮರ ಬಿಸಿಲಿಗೆ ಬಿದ್ರೆ ಕುಗ್ಗುತ್ತೆ. ಹಲಗೆ ಒತ್ತೊತ್ತಾಗಿ ಹಾಕು, ಸಂದು ತಾನೇ ಬಿಡುತ್ತೆ. ಬಾಯಿ ಮುಚ್ಕೊಂಡು ಕೆಲಸ ಮಾಡು.”

ಅವಳು ಹೇಳಿದಂತೆಯೇ ಆಯಿತು. ಹಲಗೆಗಳು ಒಣಗಿ, ಹಸಿರು ಮಾಸಿ, ನಡುವೆ ಬೆರಳ ತುದಿಯಷ್ಟು ಸಂದು ಬಿಟ್ಟವು. ಅಡಿಯಿಂದ ಗಾಳಿ ಬಂತು. ಮೆಷಿನ್ನುಗಳು ಹಿತ್ತಲಿಗೆ ಬಂದವು, ಹೆಂಗಸರ ನಗೆಯೂ ಬಂತು. ಮಾಲೀಕರಂತೂ ದಿನಾ ಸಂಜೆ ಹಾಜರ್. ಮುಂಬಾಗಿಲಿಂದ ಬಂದು, ಕೈ ಹಿಂದೆ ಕಟ್ಟಿಕೊಂಡು, ಕೆಳಗೆ ನೋಡದೆ ನೆಟ್ಟಗೆ ಹಿಂಬಾಗಿಲು ದಾಟಿ ಜಗಲಿಗೆ ಹೋಗುವುದು ರೂಢಿಯಾಯಿತು. ಬಾಮೈದನ ಟೇಬಲ್ಲು ಎಲ್ಲಿ, ಒಲೆ ಎಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದರು.

ಒಂದು ಸಂಜೆ ಅಂದೇಬಿಟ್ಟರು. “ಬಾಮೈದನಿಗೆ ಜಾಗ ಬೇಕಮ್ಮ. ಬರೋ ತಿಂಗಳು ಖಾಲಿ ಮಾಡಿಬಿಡು.”

ಮೆಷಿನ್ನುಗಳು ನಿಂತವು. ಟೈಲರಮ್ಮ ಕತ್ತರಿ ಕೆಳಗಿಟ್ಟು ಎದ್ದಳು. ಹಲಗೆಯ ಮೇಲೆ ಕಾಲು ಅಪ್ಪಳಿಸಿದಳು.

“ಈ ಜಗಲಿ ಬಿಟ್ಟು ನಾನು ಎಲ್ಲೂ ಹೋಗಲ್ಲ ಯಜಮಾನ್ರೇ! ಒಂದ್ಸಲ ಬಿಟ್ಟು ಬಂದು ಅತ್ತಿದ್ದು ಸಾಕು. ಏನು ಮಾಡ್ಕೋತೀರೋ ಮಾಡ್ಕೊಳಿ.”

“ಅದ್ಹೇಗೆ ಹೋಗಲ್ಲ ನಾನೂ ನೋಡ್ತೀನಿ!”

ಸುದ್ದಿ ಕೇಳಿ ತಮ್ಮ ತಲೆ ಮೇಲೆ ಕೈ ಹೊತ್ತು ಕೂತ. “ಎರಡನೇ ಸಲವೂ ನುಣ್ಣಗೆ ಬೋಳಿಸಿಬಿಟ್ರಲ್ಲಕ್ಕಾ!”

“ನಿನ್ನ ದೊಡ್ಡ ಸ್ಪ್ಯಾನರ್ ಇಲ್ಲೇ ಇಟ್ಟು ಹೋಗು,” ಎಂದಳು ಅಕ್ಕ.

ಅದು ಮೆಷಿನ್ನಿನ ಪಕ್ಕದಲ್ಲೇ ಕೂತಿತು. ಮಾಲೀಕರ ತಲೆಗೇ ಇರಬೇಕು ಎಂದು ಹೆಂಗಸರು ಪಿಸುಗುಟ್ಟಿದರು. ಪಿಸುಮಾತು ಓಣಿ ದಾಟಿ ಮಾಲೀಕರ ಕಿವಿಗೂ ಬಿತ್ತು. ಜೀವ ಇದ್ದರೆ ತಾನೇ ಜಗಲಿ? ತಿಂಗಳು ಮುಗಿಯುವವರೆಗೂ ಅವರು ಆ ಕಡೆ ತಲೆ ಹಾಕಲಿಲ್ಲ.

ಕೊನೆಯ ದಿನ ದಷ್ಟಪುಷ್ಟ ಬಾಮೈದನನ್ನು ಮುಂದಿಟ್ಟುಕೊಂಡೇ ಬಂದರು. ಕಿರುಚಾಟ, ಅಳು, ಸ್ಪ್ಯಾನರ್, ಎಲ್ಲಕ್ಕೂ ಸಿದ್ಧರಾಗಿದ್ದರು. ಟೈಲರಮ್ಮ ಮುಂಬಾಗಿಲಲ್ಲೇ ನಿಂತಿದ್ದಳು. ಬೀಗದ ಕೈ ಅಂಗೈಗಿಟ್ಟಳು.

“ನಿಮ್ಮದು ಒಂದು ಚೂರೂ ಮುಟ್ಟಿಲ್ಲ ಯಜಮಾನ್ರೇ. ನೋಡ್ಕೊಳಿ.” ತಲೆಯೆತ್ತಿಕೊಂಡು ಹೊರಟೇ ಹೋದಳು.

ಇಷ್ಟೇನಾ ಇವಳ ಆರ್ಭಟ! ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ಮನೆ ಗುಡಿಸಿ ಒರೆಸಿ ಕನ್ನಡಿಯಂತಿತ್ತು. ಅವರು ಕೈ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಡೆದರು.

“ಬಾರಯ್ಯ, ನಿನ್ನ ಹೋಟೆಲು ನೋಡುವಂತೆ.”

“ಬಂದೆ ಭಾವ.”

ಬಾಮೈದನ ಕಡೆ ಮುಖ ತಿರುಗಿಸಿಕೊಂಡೇ ಭುಜದಿಂದ ಹಿಂಬಾಗಿಲು ತಳ್ಳಿದರು, ದಿನಾ ಸಂಜೆ ಇಡುತ್ತಿದ್ದ ಹಾಗೆಯೇ ಗತ್ತಿನಿಂದ ಕಾಲು ಹೊರಗಿಟ್ಟರು.

ಕಾಲಿಗೆ ಏನೂ ಸಿಗಲಿಲ್ಲ. ಮಣ್ಣಿನಿಂದ ಮುಖ ಎತ್ತಿದಾಗ ಬೋಳು ಹಿತ್ತಲಲ್ಲಿ ಅವರ ಕಲ್ಲುಗಳು, ಮೆಟ್ಟಿಲುಗಲ್ಲೂ ಸೇರಿ, ಸಾಲಾಗಿ ಕೂತಿದ್ದವು, ಮತ್ತು ಪಕ್ಕದ ಬೀದಿಯಲ್ಲೆಲ್ಲೋ ಹೆಂಗಸರ ನಗೆಯ ನಡುವೆ ಡ್ರಿಲ್ಲು ಗುರ್ ಎನ್ನುತ್ತಿತ್ತು.