ಗುಹೆಯ ಬಾಗಿಲಿನ ಟಿ.ಸಿ.

ಎದುರು ಸೀಟಿನ ಮುದುಕ ಟಿ.ಸಿ.ಯೇ ಎಂದು ಅಮೋಲನಿಗೆ ಖಾತ್ರಿಯಾದದ್ದು ಬೂಟು ನೋಡಿ. ಮೇಲೆ ಧೋತರ, ಬಿಳಿ ಟೋಪಿ. ಕೆಳಗೆ ಲೇಸು ಬಿಗಿದು ಎರಡೆರಡು ಗಂಟು ಹಾಕಿದ ಕಪ್ಪು ಬೂಟು. ಕೈಯಲ್ಲಿ ಚೀಲವಿಲ್ಲ. ಸೋಲಾಪುರ ಬಿಟ್ಟ ಪ್ಯಾಸೆಂಜರ್ ಗಾಡಿ ನಿಧಾನವಾದಾಗಲೆಲ್ಲ ಎದ್ದು ಬಾಗಿಲಿಗೆ ಹೋಗುತ್ತಾನೆ, ಹಿಂದಿನ ಮುಂದಿನ ಡಬ್ಬಿಗಳನ್ನು ಬಗ್ಗಿ ನೋಡುತ್ತಾನೆ, ಬಂದು ಕೂರುತ್ತಾನೆ.

“ಸಾದಾ ಬಟ್ಟೀಲೆ ಬಂದಾನ,” ಅಮೋಲ ಅಕ್ಕನ ಕಿವಿಯಲ್ಲಿ ಹೇಳಿದ. “ಟಿಕೀಟ ಇಲ್ಲದ ನಮ್ಮಂಥವರನ್ನ ಹಿಡಿಯಾಕ.”

ದೀಪಾಲಿ ಬೆವರಿದಳು. ಅಕ್ಕಲಕೋಟದ ಶಾಲೆಯೊಂದರಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕಿತ್ತು. ಇವತ್ತು ಹನ್ನೊಂದರೊಳಗೆ ಹಾಜರಾಗದಿದ್ದರೆ ಆ ಕೆಲಸ ಮುಂದಿನವರ ಪಾಲು. ಟಿಕೀಟಿನ ಪಾಳಿ ಉದ್ದವಿತ್ತು. ಮೊಬೈಲಿನಲ್ಲಿ ತೆಗೆಯಲು ಹೋದರೆ ಚಕ್ರ ತಿರುಗುತ್ತಲೇ ಇತ್ತು. ಗಾಡಿ ಅಲುಗಿದಾಗ “ಹತ್ತಕ್ಕಾ, ಯಾರ ನೋಡ್ತಾರ” ಎಂದು ಎಳೆದವನು ಅಮೋಲ. ಈಗ ಸಿಕ್ಕಿಬಿದ್ದರೆ ನಡುವಿನ ಸ್ಟೇಷನ್ ಹೋಟಗಿಯಲ್ಲೇ ಇಳಿಸಿ ಕೂಡಿಸುತ್ತಾರೆ.

“ಮಾತಿನಾಗ ಹಿಡದಿಡೂಣು,” ಎಂದು ಅಮೋಲ ಜೇಬಿನಿಂದ ಇಪ್ಪತ್ತು ಮುಖದ ದಾಳ ತೆಗೆದ. ಗೆಳೆಯರೊಡನೆ ರವಿವಾರ ಆಡುವ ಆಟದ್ದು. “ಕಾಕಾ, ಒಂದು ಆಟ ಆಡ್ತೀರೇನ್ರಿ? ನಮಗ ಒಬ್ಬರು ಕಮ್ಮಿ ಬಿದ್ದಾರ.”

“ಇಸ್ಪೀಟ ಅಲ್ಲಲ್ಲ?” ಎಂದ ಮುದುಕ. ಹೆಸರು ಕಾಶಪ್ಪ ಎಂದ. ಎಲ್ಲಿಗೆ ಹೊರಟಿರಿ ಎಂದರೆ, “ದಿನಾ ಇದ ಲೈನಿನ್ಯಾಗ ಇರ್ತೀನಿ ತಮ್ಮಾ,” ಎಂದ. ಅಮೋಲ ಅಕ್ಕನನ್ನು ಚಿವುಟಿದ.

ದೀಪಾಲಿ ಆಟ ವಿವರಿಸಿದಳು. ಹಳೆಯ ರಾಜರ ಕಾಲ. ಒಂದು ಗುಹೆ. ಒಳಗೆ ಬಂಗಾರದ ರಾಶಿಯ ಮೇಲೆ ಬೆಂಕಿ ಉಗುಳುವ ಮಹಾಸರ್ಪ. ಕಥೆ ಅವಳು ಹೇಳುತ್ತಾಳೆ. ಆಡುವವರು ತಮ್ಮದೊಂದು ಪಾತ್ರ ಕಟ್ಟಿಕೊಂಡು ಒಳಗೆ ಹೋಗಬೇಕು. ಪಾತ್ರ ಗೆದ್ದಿತೋ ಸೋತಿತೋ ದಾಳ ಹೇಳುತ್ತದೆ.

“ನಿಮ್ಮವ ಯಾರ್ರಿ ಕಾಕಾ? ಕತ್ತಿ ಹಿಡದವನೋ, ಮಾಟಗಾರನೋ?”

“ಟಿ.ಸಿ.”

ಅಮೋಲನ ಕೈಯಿಂದ ದಾಳ ಜಾರಿತು.

“ಆಗ ರೈಲ ಇಲ್ಲಲ್ರಿ,” ಎಂದಳು ದೀಪಾಲಿ.

“ಗುಹೆಕ್ಕ ಬಾಗಲ ಅದನೋ ಇಲ್ಲೋ? ಬಾಗಲ ಇದ್ದಲ್ಲೆ ಟಿ.ಸಿ. ನಿಂತಿರ್ತಾನ.”

ಶಕ್ತಿ ಎಷ್ಟು? ಸೊನ್ನೆ. ಆಯುಧ? ಒಂದು ಪೆನ್ನು. ಓಟ? “ಅವ ಓಡಂಗಿಲ್ಲ. ಓಡಸ್ತಾನ.” ಮಂತ್ರ? “ಬಾಯಿ ತಗಿಯಂಗಿಲ್ಲವ್ವಾ. ಸುಮ್ಮ ಅಂಗೈ ಚಾಚತಾನ. ಎದುರಿನವನ ಎದಿ ನಡಗತದ.” ಹೇಳುವಾಗ ಕಾಶಪ್ಪನ ದನಿ ತಾನೇ ಇಳಿಯಿತು. ಇಷ್ಟು ಒಳಗಿನ ಮಾತು ಬೇರೆ ಯಾರಿಗೆ ಗೊತ್ತಿರುತ್ತದೆ, ಎಂದುಕೊಂಡಳು ದೀಪಾಲಿ. ಆದರೂ ಸರ್ಪವಾದಳು.

“ಸಾವಿರ ವರ್ಸದಿಂದ ಇಲ್ಲೇ ಅದೀನಿ! ಯಾರಲೇ ನೀ?”

“ಸಾವಿರ ವರ್ಸ? ಪಾಸ್ ತೋರಸು.”

“ಬೆಂಕಿ ಉಗುಳ್ತೀನಿ!”

“ಒಳಗ ಬೆಂಕಿ ತರಾಕ ಪರವಾನಗಿ ಇಲ್ಲ. ಅದಕ್ಕ ಬ್ಯಾರೆ ದಂಡ.”

ಕಾಶಪ್ಪ ದಾಳ ಎಸೆದ. ಇಪ್ಪತ್ತು ಬಿತ್ತು, ಪೂರ್ತಿ ಗೆಲುವು. ಮಹಾಸರ್ಪ ಬಂಗಾರದ ರಾಶಿಯಿಂದ ಇಳಿದು, ತಲೆ ತಗ್ಗಿಸಿ, ಗುಹೆ ಬಿಟ್ಟು ಹೊರಗೆ ನಡೆಯಿತು. ಅದನ್ನು ಹೇಳುತ್ತ ದೀಪಾಲಿಗೆ ಅಳು ಬಂತು.

ಹೋಟಗಿ ಬಂತು. ಕಾಶಪ್ಪ ಬಾಗಿಲಿಗೆ ಹೋದ, ನೋಡಿದ, ಬಂದ. ಗಾಡಿ ಹೊರಟಿತು.

“ಆಟದ ನೇಮ ಅದರಿ,” ಅಮೋಲ ತುಟಿ ಸವರಿಕೊಂಡ. “ಎಂಥಾ ಪಾತ್ರಕ್ಕೂ ಒಂದು ಸಡ್ಲ ಜಾಗ ಇರಬೇಕು. ನಿಮ್ಮವ ಯಾರನ್ನ ಬಿಡ್ತಾನ್ರಿ?”

“ಮಲಗಿದವರನ್ನ ಬಿಡ್ತಾನ ಅಂತಾರ ಮಂದಿ.”

ಅಮೋಲ ಆಗಲೇ ಗೊರಕೆ ಹೊಡೆಯುತ್ತಿದ್ದ.

“ಸುಳ್ಳ ಅದು. ಅವರನ್ನ ಮೊದಲ ಎಬ್ಬಸ್ತಾನ.”

ಗೊರಕೆ ನಿಂತಿತು. “ಮತ್ತ್ಯಾರನ್ನ?”

“ಭಜನಿ ಮಾಡೋರನ್ನ,” ಎಂದ ಕಾಶಪ್ಪ ಬಹಳ ಯೋಚಿಸಿ. “ಅಕ್ಕಲಕೋಟ ಸ್ವಾಮಿ ದರ್ಶನಕ್ಕ ಹೊಂಟವರು ಕಣ್ಣ ಮುಚ್ಚಿ ಹಾಡಾಕತ್ತಿದ್ರ, ನಡುವ ಕೈ ಚಾಚಾಕ ಅವಗ ಮನಸ ಬರಂಗಿಲ್ಲ. ಅವನೂ ಮನಷ್ಯಾನ ಅಲ್ಲೇನು?”

ಭಜನೆ ಎಂದರೆ ಮನೆ ಬಿಟ್ಟು ಓಡುತ್ತಿದ್ದ ಅಮೋಲ ತೊಡೆ ಬಡಿದು ಸ್ವಾಮಿಯ ನಾಮ ಎತ್ತಿದ. ದೀಪಾಲಿ ಚಪ್ಪಾಳೆ ಹಾಕಿದಳು. ಆದರೆ ಎಲ್ಲರಿಗಿಂತ ಎತ್ತರದ ದನಿ ಕಾಶಪ್ಪನದು. ಕಣ್ಣು ಮುಚ್ಚಿ, ಕೊರಳ ನರ ಉಬ್ಬಿಸಿ, ನುಡಿಯ ಮೇಲೆ ನುಡಿ ಹಾಕಿ ಹಾಡಿದ. ಶೇಂಗಾ ಮಾರುವವಳು ಬುಟ್ಟಿ ಇಳಿಸಿ ದನಿಗೂಡಿಸಿದಳು. ಡಬ್ಬಿಗೆ ಡಬ್ಬಿಯೇ ತೂಗಿತು.

ಹಾಡು ಏರಿದಷ್ಟೂ ದೀಪಾಲಿಯ ಚಪ್ಪಾಳೆ ತಗ್ಗಿತು. ದೇವರ ಹೆಸರಿನ ಮರೆಯಲ್ಲಿ ಕಳ್ಳಿಯಂತೆ ಕೂತಿದ್ದೇನಲ್ಲ ಎಂದು ಕೈ ನಿಲ್ಲಿಸಿದಳು. ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಗಾಡಿ ಬಂದು ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ಕಪ್ಪು ಕೋಟಿನ ಟಿ.ಸಿ.ಯೊಬ್ಬ ಕಾದಿದ್ದ. ಕಾಶಪ್ಪನ ಸಹಾಯಕ್ಕೇ ಬಂದಿರಬೇಕು.

ಅವಳು ಕೈ ಮುಗಿದಳು. “ಕಾಕಾ, ನಮ್ಮ ಹತ್ರ ಟಿಕೀಟ ಇಲ್ರಿ. ದಂಡ ಹಾಕ್ರಿ, ಕೊಡ್ತೀನಿ. ಆದ್ರ ಹಿಡದು ಕೂಡಸಬ್ಯಾಡ್ರಿ. ಹನ್ನೊಂದಕ್ಕ ಸಾಲಿ ಮುಟ್ಟಲಿಲ್ಲಂದ್ರ ನೌಕರಿ ಹೋಗ್ತದ.”

ಕಾಶಪ್ಪ ಕಣ್ಣು ತೆರೆದ. ಕಿಟಕಿಯಾಚೆ ನೋಡಿದ. ಎದ್ದು ನಿಂತು ಧೋತರ ಎತ್ತಿ ಸೊಂಟಕ್ಕೆ ಸಿಕ್ಕಿಸಿದ. ಅಮೋಲ ಬೇಡಿ ಹಾಕಲಿ ಎಂಬಂತೆ ಎರಡೂ ಕೈ ಮುಂದೆ ಚಾಚಿದ.

“ಕೈ ಏನ ಚಾಚತಿ, ಆ ಕಡಿ ಬಾಗಲದಿಂದ ಹಾರ್ರಿ ಲಗೂ! ಬೇಲಿ ಹರದ ಜಾಗ ನನಗ ಗೊತ್ತದ, ಹನ್ನೊಂದರೊಳಗ ಸಾಲಿ ಮುಟ್ಟಸ್ತೀನಿ. ನಾ ಈ ಲೈನಿನ್ಯಾಗ ಜಲ್ಮದಾಗ ಟಿಕೀಟ ತಗೊಂಡವಲ್ಲ!”