ಗುರುವಾರ ಬರುತ್ತೇನೆಂದ ವಕೀಲರು

"ನನ್ನ ಊರಿನ ಬಂಧುಗಳೇ" ಎಂದು ಕೋ ಬುನ್-ಹಾಯ್ ಮೈಕಿಗೆ ಬಾಯಿಟ್ಟದ್ದೇ ತಡ, ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತು ಕೈ ಅಡ್ಡ ಹಿಡಿದಳು.

"ಭಾಷಣ ಆಮೇಲಾಗ್ಲಿ ವಕೀಲರೇ. ನನ್ನ ಕೇಸು ಎಲ್ಲಿಗೆ ಬಂತು, ಅದನ್ನ ಮೊದಲು ಹೇಳಿ."

ಮೀನುಪೇಟೆ ಗೊಳ್ಳೆಂದಿತು. ಇಪ್ಪತ್ತೊಂದು ವರ್ಷ ಜಪಾನಿನಲ್ಲಿ ದೇಶಭ್ರಷ್ಟರಾಗಿದ್ದು, ಅಲ್ಲಿಂದಲೇ ಊರಿನ ಜನರ ಪರ ದನಿಯೆತ್ತಿ, ಸರ್ಕಾರ ತನ್ನ ಕಪ್ಪುಪಟ್ಟಿಯನ್ನು ಕೈಬಿಟ್ಟ ಮೇಲೆ ತೈವಾನಿಗೆ ಮರಳಿ, ವಿರೋಧಪಕ್ಷದಿಂದ ಚುನಾವಣೆಗೆ ನಿಂತ ಕೋ ವಕೀಲರ ಮೊದಲ ಸಭೆ ಅದು. ಪೊಲೀಸರು ಕೊಟ್ಟದ್ದು ಬರೀ ಅರ್ಧ ಗಂಟೆ. ಪ್ರಚಾರದ ಲಗಾಮೆಲ್ಲ ತಂಗಿಯ ಮಗಳು ಶು-ಹುಯಿಯ ಕೈಯಲ್ಲಿತ್ತು. ವೇದಿಕೆಯಾಗಿದ್ದ ಲಾರಿಯ ಮೇಲೆ ಪಕ್ಕದಲ್ಲೇ ನಿಂತಿದ್ದ ಅವಳು ಕಿವಿಯಲ್ಲಿ ಉಸುರಿದಳು: "ಮಾವ, ಆ ಕಡೆಯವರು ಕಳಿಸಿದ ಗಿರಾಕಿ ಇದು. ಜೋರಾಗಿ ಹಾಡು ಹಾಕಿಸಿ ಬಾಯಿ ಮುಚ್ಚಿಸ್ಲಾ?"

"ಬೇಡ. ಅದು ಬೊಂಗ್-ಚಿ ಅಕ್ಕ," ಎಂದರು ಕೋ.

ಮರೆಯುವುದುಂಟೇ? ಇಪ್ಪತ್ತೊಂದು ವರ್ಷದ ಹಿಂದೆ, ಗಂಡ ಸಮುದ್ರಪಾಲಾಗಿ ತಿಂಗಳು ತುಂಬುವಷ್ಟರಲ್ಲಿ ಮೈದುನ, ಅಣ್ಣನೇ ಬರೆದುಕೊಟ್ಟದ್ದೆಂದು ಒಂದು ಕಾಗದ ಹುಟ್ಟಿಸಿಕೊಂಡು ಅವಳ ಹೂಮೀನು ಸಾಕುವ ಹೊಂಡವನ್ನು ನುಂಗಿ ನೀರು ಕುಡಿದಿದ್ದ. "ಗುರುವಾರ ಹತ್ತು ಗಂಟೆಗೆ ಕೋರ್ಟಿಗೆ ಬನ್ನಿ. ಒಗೆದ ಬಟ್ಟೆ ಹಾಕ್ಕೊಳ್ಳಿ. ಹೆದರಬೇಡಿ, ನಾನಿರ್ತೀನಿ" ಎಂದಿದ್ದರು ಕೋ. ಸರ್ಕಾರವನ್ನು ಟೀಕಿಸಿದ ಮೇಷ್ಟರೊಬ್ಬರ ಪರ ವಾದಿಸಿದ ತಪ್ಪಿಗೆ ಅವರ ಹೆಸರಿಗೇ ವಾರಂಟು ಹೊರಟಿದೆಯೆಂಬ ಸುದ್ದಿ ಮಂಗಳವಾರ ಬಂತು. ಅಂದು ಸಂಜೆಯೇ ದೋಣಿಯ ತಳದಲ್ಲಿ, ಐಸಿನ ಪೆಟ್ಟಿಗೆಗಳ ನಡುವೆ ಮುದುಡಿಕೊಂಡು ಸಮುದ್ರ ದಾಟಿದ್ದರು.

"ಹೊತ್ತು ಮುಳುಗೋ ತನಕ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದೆ," ಬೊಂಗ್-ಚಿ ಈಗ ಜನರ ಕಡೆ ತಿರುಗಿದಳು. "ಜವಾನ ಬಂದು, 'ನಿನ್ನ ವಕೀಲ ಬರ್ಲಿಲ್ಲ, ಕೇಸು ಬಿದ್ಹೋಯ್ತು, ಮನೆಗೆ ಹೋಗಜ್ಜಿ' ಅಂದ. ನನಗಾಗ ನಲವತ್ತೆರಡು ಕಣ್ರೀ! ಅಜ್ಜಿಯಂತೆ!"

ನಗು ಇನ್ನೂ ಇಳಿದಿರಲಿಲ್ಲ, ಹಿಂದಿನಿಂದ ಒಬ್ಬ ಕೂಗಿದ: "ಕಕ್ಷಿದಾರಳನ್ನೇ ಬಿಟ್ಟೋಡಿದೋನು ಗೆದ್ದ ಮೇಲೆ ನಮ್ಮನ್ನ ಬಿಟ್ಟೋಡಲ್ವಾ? ಯೋಚ್ನೆ ಮಾಡ್ರಪ್ಪೋ!"

ಪೇಟೆಯ ಮುಖ ಬದಲಾಯಿತು. ಕೆಲವರು ಹೌದೆಂಬಂತೆ ತಲೆಯಾಡಿಸಿದರು.

"ವಾರಂಟಿನ ವಿಷಯ ಎತ್ತಿ ಮಾವ, ಬೇಗ. ಜನ ಅತ್ತೇ ಅಳ್ತಾರೆ," ಎಂದಳು ಶು-ಹುಯಿ.

ಕೋ ಮೈಕು ಹಿಡಿದೇ ಲಾರಿಯಿಂದ ಇಳಿದು ಮುದುಕಿಯೆದುರು ನಿಂತರು. "ಅಕ್ಕ, ನಾನು ಓಡಿದ್ದಕ್ಕೆ ಕಾರಣ ಇತ್ತು. ಅದು ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ದೇ ಇರೋದು ಒಂದಿದೆ. ದೋಣಿ ಹತ್ತೋಕೆ ನಿಮ್ಮ ಮನೆ ಮುಂದೇನೇ ಹೋದೆ. ಒಳಗೆ ದೀಪ ಇತ್ತು. 'ನಾನು ಬರಲ್ಲ, ಬೇರೆ ವಕೀಲರನ್ನ ನೋಡ್ಕೊಳ್ಳಿ' ಅಂತ ಹೇಳೋಕೆ ಒಂದು ಗಳಿಗೆ ಸಾಕಿತ್ತು. ಬಾಗಿಲು ತಟ್ಟಲಿಲ್ಲ. ಹೆದರಿದ್ದೆ."

ಬೊಂಗ್-ಚಿ ಅವರ ಮುಖವನ್ನೇ ನೋಡಿದಳು.

"ಹೊಂಡ ವಾಪಸ್ ಕೊಡಿಸೋಕೆ ಈಗ ನನ್ನ ಕೈಲಿ..." ಎಂದು ಕೋ ಶುರುಮಾಡಿದರು.

"ಹೊಂಡ ಯಾರಿಗೆ ಬೇಕು? ಮಾರಿ ತಿಂದು ಮೈದುನನೂ ಸತ್ತ. ಅದರ ಮೇಲೆ ಚಪ್ಪಲಿ ಫ್ಯಾಕ್ಟರಿ ಎದ್ದು ಹತ್ತು ವರ್ಷ ಆಯ್ತು. ಆವತ್ತು ಬಂದಿದ್ರೆ ಏನಂತ ವಾದ ಮಾಡ್ತಿದ್ರಿ? ಅದನ್ನ ಹೇಳಿ. ನಾನು ಸುಳ್ಳಿ ಅಂದ ಊರೆಲ್ಲ ಕೇಳ್ಲಿ."

ಒಸಾಕಾದ ಹೋಟೆಲಿನಲ್ಲಿ ಬಟ್ಟಲು ತೊಳೆಯುತ್ತಾ ಈ ಕೇಸನ್ನು ಕೋ ಮನಸ್ಸಿನಲ್ಲೇ ನೂರು ಸಲ ಗೆದ್ದಿದ್ದರು. ಮೀನಿನ ಬುಟ್ಟಿಯೊಂದನ್ನು ಬೋರಲು ಹಾಕಿ ಹತ್ತಿ, "ಮಾನ್ಯ ನ್ಯಾಯಾಧೀಶರೇ!" ಎಂದು ಎದುರಿನ ಹಾವುಮೀನಿನ ಅಂಗಡಿಯವನಿಗೆ ತಲೆಬಾಗಿದರು. ಅವನು ಗಾಬರಿಬಿದ್ದು ಚಾಕು ಕೆಳಗಿಟ್ಟ.

"ಈ ಕಾಗದದ ಮೇಲೆ ಸಹಿಯ ಬದಲು ಸತ್ತವನ ಮೊಹರಿದೆ. ತಾರೀಕು ಹನ್ನೊಂದು. ದೋಣಿ ಮುಳುಗಿದ್ದು ಒಂಬತ್ತಕ್ಕೆ! ಸಮುದ್ರದ ತಳದಿಂದ ಎದ್ದು ಬಂದು, ಮೈ ಒರೆಸಿಕೊಂಡು, ತಮ್ಮನಿಗೆ ಮೊಹರು ಒತ್ತಿಕೊಟ್ಟು, ಮತ್ತೆ ಹೋಗಿ ಮುಳುಗಿದನೇ?"

"ಇಲ್ಲಾ!" ಎಂದಿತು ಪೇಟೆ. ಹಿಂದಿನಿಂದ ಕೂಗಿದವನ ದನಿಯೂ ಅದರಲ್ಲಿ ಸೇರಿತ್ತು.

"ಇನ್ನು ನನ್ನ ಸಾಕ್ಷಿ," ಎಂದು ಕೋ ಮೈಕನ್ನು ಬೊಂಗ್-ಚಿಯ ಕೈಗಿತ್ತರು.

ಅವಳು ನೆಟ್ಟಗೆ ನಿಂತು ತನ್ನ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು ಹೇಳಿದಳು. ಹೊಂಡದ ಉದ್ದಗಲ ಹೇಳಿದಳು. ಅಲ್ಲಿಂದ ಮಾತು ಮೈದುನನಿಗೆ, ಮೈದುನನಿಂದ ಕಾಗದ ಬರೆದ ಗುಮಾಸ್ತನಿಗೆ, ಗುಮಾಸ್ತನಿಂದ ಚಪ್ಪಲಿ ಫ್ಯಾಕ್ಟರಿಯ ಕೊಳಕು ನೀರಿಗೆ, ಆ ನೀರು ನುಗ್ಗಿ ಸತ್ತ ಸಿಂಪಿಗಳಿಗೆ, ದೂರು ಕೊಡಲು ಹೋದರೆ ಚಹಾ ಕುಡಿಸಿ ಸಾಗಹಾಕುವ ಅಧಿಕಾರಿಗೆ ಹರಿಯಿತು. ಚಿಪ್ಪೊಡೆದು ಸಿಂಪಿ ಬಿಡಿಸುತ್ತಿದ್ದ ಹೆಂಗಸರು ಕೈ ಒರೆಸಿಕೊಳ್ಳುತ್ತಾ ಬಂದು ಸುತ್ತ ನಿಂತರು. "ಅದನ್ನೂ ಹೇಳು, ನನ್ನದೂ ಹೇಳು" ಎಂದು ಒಬ್ಬೊಬ್ಬರೇ ಕೂಗತೊಡಗಿದರು.

ಪೊಲೀಸಿನವನು ಕೈಗಡಿಯಾರ ತೋರಿಸಿದ. ಉಳಿದದ್ದು ಐದೇ ನಿಮಿಷ. ಶು-ಹುಯಿ ಓಡಿಬಂದಳು. "ದೊಡ್ಡಮ್ಮ, ಮೈಕು ಕೊಡಿ. ಮಾವ ಇನ್ನೂ ಓಟೇ ಕೇಳಿಲ್ಲ!"

ಬೊಂಗ್-ಚಿ ಮೈಕನ್ನು ಎದೆಗವಚಿಕೊಂಡಳು. "ಇಷ್ಟು ವರ್ಷ ಆಚೆ ದೇಶದಲ್ಲಿ ನಮ್ಮ ಪರವಾಗಿ ಇವರೇ ಮಾತಾಡಿದಾರಲ್ಲ? ಈಗ ಸ್ವಲ್ಪ ಕೂತು ಕೇಳ್ಲಿ."

ಕೋ ಬುಟ್ಟಿಯಿಂದಿಳಿದು ಅದರ ಮೇಲೆಯೇ ಕುಳಿತರು.