ಮುಟ್ಟಿದ ಕಾಯಿ

“ಇವತ್ತು ಸೋತುಬಿಡು ಲಿಂಗಿ,” ಎಂದ ಕೆಂಪಯ್ಯ. ಮಗಳ ಜಡೆಯ ರಿಬ್ಬನ್ ಬಿಗಿಯುವ ನೆಪದಲ್ಲಿ ಬಗ್ಗಿ, ಕಿವಿಯಲ್ಲಿ ಹೇಳಿದ ಮಾತು. ರಿಬ್ಬನ್ ಬಿಗಿಯಾಗಿಯೇ ಇತ್ತು.

ಲಿಂಗಿ ತಿರುಗಿ ನೋಡಿದಳು. ಅಪ್ಪನ ಬಾಯಿಂದ ಇಂಥ ಮಾತನ್ನು ಅವಳು ಕೇಳಿದ್ದೇ ಇಲ್ಲ. ಅತ್ತಿಗುಪ್ಪೆಯ ಮನೆಯ ಜಗಲಿಯ ಮೇಲೆ ಇದ್ದಿಲಿನಿಂದ ಚೌಕ ಬರೆದು, ಬೆಣಚುಕಲ್ಲು, ಹುಣಸೆಬೀಜ, ಹಳೇ ಅಂಗಿಯ ಗುಂಡಿ ಇಟ್ಟು ಅವಳಿಗೆ ಚದುರಂಗ ಕಲಿಸಿದವನು ಅವನೇ.

“ಯಾಕಪ್ಪ?”

“ಎದುರಿಗೆ ಕೂತಿರೋದು ಯಾರು ಅಂತ ನೋಡು.”

ಎದುರಿಗೆ ಕೂತಿದ್ದವನು ಪಂಚಾಕ್ಷರಿ. ಇಸ್ತ್ರಿ ಮಾಡಿದ ಚಡ್ಡಿ, ಎಣ್ಣೆ ಹಾಕಿ ಬಾಚಿದ ತಲೆ. ಅವನ ಹಿಂದೆ ಗೋಡೆಗೆ ಒರಗಿ ನಿಂತಿದ್ದವರು ಅವನ ಅಪ್ಪ ಚನ್ನವೀರಪ್ಪ, ಕಾರ್ಖಾನೆಯ ಸೂಪರ್‌ವೈಜರು. ಕೆಂಪಯ್ಯ ಅದೇ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಗಾರ. ಖಾಯಂ ಆಗುವವರು ಯಾರೆಂದು ನಾಳೆ ತಿಳಿಯಬೇಕು. ತಿಳಿಸುವವರು ಚನ್ನವೀರಪ್ಪ. ಆಗದವರು ನಾಡಿದ್ದಿನಿಂದ ಗೇಟಿನ ಹತ್ತಿರ ಬರಬೇಕಾಗಿಲ್ಲ.

ಭಾನುವಾರದ ಮಧ್ಯಾಹ್ನ. ರಾಜಾಜಿನಗರದ ಹೊಸ ಬೀದಿಗಳಲ್ಲಿ ಇನ್ನೂ ಮನೆಗಳಿಗಿಂತ ಜಲ್ಲಿಯ ರಾಶಿಗಳೇ ಹೆಚ್ಚು. ಗುರುಸಿದ್ದಯ್ಯ ಮೇಷ್ಟ್ರ ಹಜಾರ ಮಾತ್ರ ಸಂತೆಯಂತಿತ್ತು. ವಾರಕ್ಕೊಮ್ಮೆ ಅಲ್ಲಿ ಮಕ್ಕಳ ಚದುರಂಗದ ಕೂಟ. ಚಾಪೆಯ ಮೇಲೆ ಸಾಲು ಹಲಗೆಗಳು. ಒಬ್ಬ ಆನೆ ಕಳೆದುಕೊಂಡು ಜಗಳಕ್ಕೆ ನಿಂತಿದ್ದ. ಇನ್ನೊಬ್ಬಳು ಹೊಡೆದ ಕುದುರೆಯನ್ನು ಲಂಗದ ಮಡಿಲಲ್ಲಿ ಬಚ್ಚಿಟ್ಟು ಕೊಡಲೊಲ್ಲೆ ಎನ್ನುತ್ತಿದ್ದಳು. ಯಾರ ಜೊತೆ ಯಾರು ಎಂಬುದನ್ನು ಮೇಷ್ಟ್ರು ಚೀಟಿ ಎತ್ತಿ ಹೇಳುತ್ತಿದ್ದರು. ಇವತ್ತಿನ ಚೀಟಿ ಕೆಂಪಯ್ಯನ ಪಾಲಿಗೆ ಹೀಗೆ ಬಂದಿತ್ತು.

ಆ ಮಕ್ಕಳ ಅಪ್ಪಂದಿರೆಲ್ಲ ಹೆಚ್ಚುಕಡಿಮೆ ಅದೇ ಕಾರ್ಖಾನೆಯವರು. ದಸರೆಗೆ ಮೊದಲು ಅಂಜಿನಯ್ಯನ ಮಗ ಪಂಚಾಕ್ಷರಿಯನ್ನು ಸೋಲಿಸಿದ್ದ. ಮಾರನೆಯ ದಿನವೇ ಅಂಜಿನಯ್ಯನನ್ನು ಕುಲುಮೆಯ ಕೆಲಸಕ್ಕೆ ಹಾಕಿದರು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಯಾರೂ ಕೇಳಲಿಲ್ಲ; ಕೇಳುವ ಎದೆ ಯಾರಿಗಿತ್ತು? ಅಂದಿನಿಂದ ಪಂಚಾಕ್ಷರಿ ಸೋತದ್ದೇ ಇಲ್ಲ. ಗೆದ್ದರೂ ಹುಡುಗ ಮುಖ ಗಂಟಿಕ್ಕಿಕೊಂಡೇ ಏಳುತ್ತಿದ್ದ. ಹೋದ ವಾರವಂತೂ ಗೆದ್ದು ಅತ್ತುಬಿಟ್ಟ. ಇನ್ನೂ ಬೇಗ ಗೆಲ್ಲಿಸಬೇಕಿತ್ತೇನೋ ಎಂದು ಅಪ್ಪಂದಿರು ಕಂಗಾಲಾಗಿದ್ದರು.

“ಏನಯ್ಯ ಕೆಂಪಯ್ಯ, ನಿನ್ನ ಮಗಳು ಬಹಳ ಜೋರಂತೆ?” ಎಂದರು ಚನ್ನವೀರಪ್ಪ.

“ಏನಿಲ್ಲ ಸಾರ್, ಸುಮ್ನೆ ಕಾಯಿ ಎತ್ತಿ ಇಡ್ತಾಳೆ ಅಷ್ಟೆ.”

“ಇವತ್ತು ಗೊತ್ತಾಗುತ್ತೆ ಬಿಡು.”

ಅವರು ನಗಲಿಲ್ಲ. ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು.

ಆಟ ಶುರುವಾಯಿತು. ಲಿಂಗಿ ಹೇಳಿದ ಮಾತು ಕೇಳುವ ಹುಡುಗಿ. ಸ್ವಲ್ಪ ಹೊತ್ತಿಗೆಲ್ಲ ತನ್ನ ಮಂತ್ರಿಯನ್ನು ತೆಗೆದುಕೊಂಡು ಹೋಗಿ ಹುಡುಗನ ಕುದುರೆಯ ಬಾಯಿಗೇ ಇಟ್ಟಳು. ಕೆಂಪಯ್ಯನಿಗೆ ಹೋದ ಉಸಿರು ಬಂದಂತಾಯಿತು. ಆದರೆ ಪಂಚಾಕ್ಷರಿ ಮಂತ್ರಿಯನ್ನು ಹೊಡೆಯಲಿಲ್ಲ. ತನ್ನ ಆನೆಯನ್ನು ನಡುಬಯಲಿಗೆ ತಂದು ನಿಲ್ಲಿಸಿದ. ಲಿಂಗಿ ಅದರ ತಂಟೆಗೆ ಹೋಗಲಿಲ್ಲ. ಅವನು ರಾಜನ ಮುಂದಿನ ಕಾವಲನ್ನೇ ಬಿಚ್ಚಿದ. ಅವಳು ಕಾಣದವಳಂತೆ ಮೂಲೆಯ ಕಾಲಾಳನ್ನು ನಡೆಸಿದಳು.

ಕೆಂಪಯ್ಯ ಹಲಗೆಯತ್ತ ಬಗ್ಗಿ ನೋಡಿದ. ಸೂಪರ್‌ವೈಜರ ಮಗ ದಡ್ಡನಲ್ಲ. ಬೆಕ್ಕು ಇಲಿಯನ್ನು ಆಡಿಸುವ ಹಾಗೆ ತನ್ನ ಮಗಳನ್ನು ಆಡಿಸುತ್ತಿದ್ದಾನೆ. ಅಪ್ಪನೇ ಹೇಳಿಕೊಟ್ಟಿರಬೇಕು. ತಲೆಯೆತ್ತಿ ನೋಡಿದರೆ ಚನ್ನವೀರಪ್ಪನವರ ಮುಖ ಸುಣ್ಣದಷ್ಟು ಬೆಳ್ಳಗಿತ್ತು. ಸಿಟ್ಟಿಗೆ ಕೆಲವರು ಕೆಂಪಾಗುತ್ತಾರೆ, ಕೆಲವರು ಬೆಳ್ಳಗಾಗುತ್ತಾರೆ ಎಂದುಕೊಂಡ.

ಲಿಂಗಿ ತನ್ನ ಆನೆಯನ್ನೂ ಒಪ್ಪಿಸಿಬಿಡಲು ಕೈ ಚಾಚಿದಳು. ಬೆರಳು ನಡುಗಿ ಪಕ್ಕದ ಕಾಲಾಳಿಗೆ ತಾಗಿತು. ಅದು ಉರುಳಿತು. ತಟ್ಟನೆ ಎತ್ತಿ ಇದ್ದಲ್ಲೇ ಇಟ್ಟಳು.

“ಮೇಷ್ಟ್ರೇ, ಇವಳು ಕಾಯಿ ಮುಟ್ಟಿದಳು,” ಎಂದ ಪಂಚಾಕ್ಷರಿ.

ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ಮೇಷ್ಟ್ರ ಕಟ್ಟುನಿಟ್ಟು.

“ಬೇಕಂತ ಮುಟ್ಟಿದ್ದಲ್ಲ ಮೇಷ್ಟ್ರೇ. ಕೈ ತಗುಲ್ತು ಅಷ್ಟೆ,” ಎಂದ ಕೆಂಪಯ್ಯ.

“ನೀನು ಸುಮ್ನಿರಯ್ಯ. ಆಡ್ತಿರೋದು ಅವಳು,” ಎಂದರು ಗುರುಸಿದ್ದಯ್ಯ.

ಆ ಕಾಲಾಳಿಗೆ ಇದ್ದದ್ದು ಒಂದೇ ನಡೆ, ಒಂದು ಮನೆ ಮುಂದಕ್ಕೆ. ಅಲ್ಲಿ ಏನಾಗುತ್ತದೆಂದು ಕೆಂಪಯ್ಯ ಆಗಲೇ ನೋಡಿದ್ದ. ಲಿಂಗಿಯೂ ನೋಡಿದ್ದಳು, ಅವಳ ಕಣ್ಣು ತುಂಬಿತ್ತು. ಕಾಲಾಳನ್ನು ತಳ್ಳಿದಳು. ಪಂಚಾಕ್ಷರಿಯ ರಾಜನಿಗೆ ಓಡಲು ಎಲ್ಲೂ ದಾರಿ ಉಳಿಯಲಿಲ್ಲ.

“ಲಿಂಗಮ್ಮ ಗೆದ್ದಳು,” ಎಂದರು ಮೇಷ್ಟ್ರು.

ಉಳಿದ ಅಪ್ಪಂದಿರು ಯಾರೂ ಕೆಂಪಯ್ಯನ ಕಡೆ ನೋಡಲಿಲ್ಲ. ಪಂಚಾಕ್ಷರಿ ಮುಖ ಮುಚ್ಚಿಕೊಂಡು ಹೊರಗೆ ಓಡಿದ.

“ಸ್ವಲ್ಪ ಆಚೆ ಬಾ ಕೆಂಪಯ್ಯ,” ಎಂದರು ಚನ್ನವೀರಪ್ಪ.

ಕೆಂಪಯ್ಯ ಅವರ ಹಿಂದೆ ಬಾಗಿಲು ದಾಟಿದ. ನಾಳೆ ಹೆಂಡತಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

“ತಪ್ಪಾಯ್ತು ಸಾರ್,” ಎಂದ ಕೈಮುಗಿದು. “ಸೋತುಬಿಡು ಅಂತ ನಾನೇ ಹೇಳಿ ಕೂರಿಸಿದ್ದೆ, ದೇವರಾಣೆಗೂ. ಮಗು ಕೈ ನಡುಗಿ ಹಿಂಗಾಯ್ತು. ನನ್ನ ಕೆಲಸ ಒಂದು ಉಳಿಸ್ಕೊಡಿ.”

“ನಿನ್ನ ಕೆಲಸ ಮೊನ್ನೆಯೇ ಖಾಯಂ ಆಯ್ತು. ಮೆಲ್ಲಗೆ ಮಾತಾಡು,” ಎಂದರು ಚನ್ನವೀರಪ್ಪ. ಜಲ್ಲಿ ರಾಶಿಯ ಮೇಲೆ ಪಂಚಾಕ್ಷರಿ ಕೈ ಎತ್ತಿಕೊಂಡು ಒಬ್ಬನೇ ಕುಣಿಯುತ್ತಿದ್ದ. ಅತ್ತ ನೋಡುತ್ತಲೇ ಅವರು ಕೆಂಪಯ್ಯನ ಮುಗಿದ ಕೈಗಳನ್ನು ತಮ್ಮೆರಡು ಕೈಗಳಲ್ಲಿ ಹಿಡಿದುಕೊಂಡರು.

“ದಸರೆಯಿಂದ ಸೋಲೋಕೆ ಅಂತಲೇ ಆಡ್ತಾ ಇದಾನಪ್ಪ, ನಿಮ್ಮ ಮಕ್ಕಳು ಬಿಡಲಿಲ್ಲ, ಇವತ್ತು ಒಬ್ಬಳು ಗೆಲ್ಲೋಕೆ ಅಂತಲೇ ಆ ಕಾಲಾಳಿಗೆ ಕೈ ಹಾಕಿದಳು, ನಿಜವಾಗಿ ಆಡಿದಳು ಅಂತ ನಂಬಿದಾನೆ, ನೀನು ಹೇಳಿಕೊಟ್ಟಿದ್ದು ಅವನ ಕಿವಿಗೆ ಬೀಳದ ಹಾಗೆ ನೋಡ್ಕೊ.”